ಮನೋರೋಗದ ಔಷಧಿಯಿಂದ ಬರುವ ಅನೈಚ್ಛಿಕ ಚಲನೆಗಳಿಗೆ ವಿಟಮಿನ್ ಕೊಡಬೇಕೆ?

ಪರ

ಆ್ಯಂಟಿಸೈಕೋಟಿಕ್ ಔಷಧಿಯನ್ನು ವರ್ಷಗಟ್ಟಲೆ ಸೇವಿಸಿದ ಕೆಲವರಲ್ಲಿ ನಾಲಿಗೆ ಬಾಯೊಳಗೆ ತಾನಾಗಿಯೇ ಹೊರಳತೊಡಗುತ್ತದೆ, ತುಟಿಗಳು ಏನನ್ನೋ ಚಪ್ಪರಿಸುವಂತೆ ಆಡುತ್ತವೆ, ತೊಡೆಯ ಮೇಲಿಟ್ಟ ಬೆರಳುಗಳು ಹಾರ್ಮೋನಿಯಂ ನುಡಿಸುವಂತೆ ಏಳುಬೀಳುತ್ತವೆ. ಟಾರ್ಡಿವ್ ಡಿಸ್ಕೈನೇಶಿಯಾ ಎಂಬ ಈ ತೊಂದರೆ ಎಷ್ಟೋ ಸಲ ರೋಗಿಗಿಂತ ಮೊದಲು ಎದುರು ಕುಳಿತವರ ಕಣ್ಣಿಗೆ ಬೀಳುತ್ತದೆ. ಮೂಲ ಔಷಧಿಯನ್ನು ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಭಯ, ಮುಂದುವರಿಸಿದರೆ ಚಲನೆ ಬಲಿಯುವ ಭಯ. ಇಂಥ ಇಕ್ಕಟ್ಟಿನಲ್ಲಿರುವವರಿಗೆ ವಿಟಮಿನ್ ಬಿ6 ಒಂದು ದಾರಿಯಾಗಬಹುದೆಂಬ ಮಾತು ಬರಿಯ ಮನೆಮದ್ದಿನ ಮಾತಲ್ಲ.

ಮಿದುಳು ಡೋಪಮೈನ್, ಗಾಬಾ ಮುಂತಾದ ರಾಸಾಯನಿಕಗಳನ್ನು ತಯಾರಿಸಿಕೊಳ್ಳುವಾಗ ಬಿ6 ಸಹಾಯಕ ಅಂಶವಾಗಿ ಕೆಲಸ ಮಾಡುತ್ತದೆ. ಇಸ್ರೇಲಿನ ವೈದ್ಯರು 2001ರಲ್ಲಿ 15 ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಂ ಕೊಟ್ಟಾಗ ಚಲನೆಗಳು ತಗ್ಗಿದವು. ಅದೇ ತಂಡ 2007ರಲ್ಲಿ ಪ್ರಕಟಿಸಿದ, 50 ರೋಗಿಗಳ 26 ವಾರಗಳ ಅಧ್ಯಯನದಲ್ಲಿ 1200 ಮಿಲಿಗ್ರಾಂ ಪ್ರಮಾಣವು ಔಷಧಿಯ ಅಂಶವಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚು ಗುಣ ತೋರಿತು. ಕುಳಿತಲ್ಲಿ ಕೂರಲಾಗದಂತೆ ಕಾಡುವ ಅಕಥೀಸಿಯಾದಲ್ಲಿಯೂ ಇದರಿಂದ ಉಪಶಮನ ಕಂಡದ್ದುಂಟು. ವಿಟಮಿನ್ ಇ ಬಂದ ಚಲನೆಯನ್ನು ಹೋಗಲಾಡಿಸದಿದ್ದರೂ ಅದು ಇನ್ನಷ್ಟು ಹದಗೆಡದಂತೆ ತಡೆಯಬಹುದೆಂದು ಕೆಲವು ಅಧ್ಯಯನಗಳ ಒಟ್ಟು ಪರಿಶೀಲನೆ ಸೂಚಿಸಿದೆ. ಈ ತೊಂದರೆಗೆಂದೇ 2017ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ವಾಲ್‌ಬೆನಜಿನ್ ಮತ್ತು ಡ್ಯೂಟೆಟ್ರಬೆನಜಿನ್ ದುಬಾರಿ ಔಷಧಿಗಳು, ಮಂಪರನ್ನೂ ತರಬಲ್ಲವು. ಅವು ಕೈಗೆಟುಕದ ರೋಗಿಗೆ ವೈದ್ಯರ ಕಣ್ಗಾವಲಿನಲ್ಲಿ, ಅವಧಿ ಗೊತ್ತುಮಾಡಿ ಬಿ6 ಕೊಟ್ಟು ನೋಡುವುದನ್ನು ತಪ್ಪೆನ್ನಲಾಗದು.

ವಿರೋಧ

ವಿಟಮಿನ್ ಇ ಯ ಕಥೆಯನ್ನೇ ಮೊದಲು ನೋಡಬೇಕು. 1980ರ ದಶಕದ ಕೊನೆಯಲ್ಲಿ ನಡೆದ ಸಣ್ಣ ಅಧ್ಯಯನಗಳು ಅದರ ಬಗ್ಗೆ ದೊಡ್ಡ ಆಸೆ ಹುಟ್ಟಿಸಿದ್ದವು. 158 ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 1600 ಯೂನಿಟ್‌ಗಳಂತೆ ಅದನ್ನೂ ಉಳಿದವರಿಗೆ ಹುಸಿ ಮಾತ್ರೆಯನ್ನೂ ಎರಡು ವರ್ಷಗಳವರೆಗೂ ಕೊಟ್ಟು ನೋಡಿ 1999ರಲ್ಲಿ ವರದಿ ಮಾಡಿದಾಗ, ಹುಸಿ ಮಾತ್ರೆಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಬಿ6 ಇಂದು ನಿಂತಿರುವುದು ಆ ಸಣ್ಣ ಅಧ್ಯಯನಗಳ ಮೆಟ್ಟಿಲಲ್ಲೇ. ಅದರ ಭರವಸೆಯ ಬಹುಪಾಲು ಒಂದೇ ತಂಡದಿಂದ ಬಂದದ್ದು. ಈ ಚಲನೆಗಳು ಆತಂಕವಾದಾಗ ಹೆಚ್ಚಿ, ನಿದ್ದೆಯಲ್ಲಿ ಮಾಯವಾಗಿ, ತಿಂಗಳಿಂದ ತಿಂಗಳಿಗೆ ತಾವಾಗಿಯೇ ಏರಿಳಿಯುವುದರಿಂದ, ಮಾತ್ರೆಯಿಂದಲೇ ಕಡಿಮೆಯಾಯಿತೆಂದು ಮನೆಯವರು ನಂಬುವುದು ಬಹಳ ಸುಲಭ.

ಇನ್ನು ಪ್ರಮಾಣದ ಮಾತು. ವಯಸ್ಕರಿಗೆ ದಿನಕ್ಕೆ ಬೇಕಾದ ಬಿ6 ಸುಮಾರು 1.3 ಮಿಲಿಗ್ರಾಂ. ಅಮೆರಿಕ ಹಾಕಿಕೊಂಡಿರುವ ಮೇಲ್ಮಿತಿ 100 ಮಿಲಿಗ್ರಾಂ, 2023ರಲ್ಲಿ ಯುರೋಪ್ ತನ್ನ ಮೇಲ್ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು. ಹೀಗಿರುವಾಗ 1200 ಮಿಲಿಗ್ರಾಂ ಎಂಬುದು ಪೋಷಕಾಂಶವಲ್ಲ, ಔಷಧಿ; ಅದಕ್ಕೆ ಔಷಧಿಯ ಅಪಾಯಗಳೇ ಇರುತ್ತವೆ. ಅತಿಯಾದ ಬಿ6 ಸಂವೇದನಾ ನರಗಳನ್ನು ಕೆಡಿಸುತ್ತದೆಂಬುದು 1983ರಲ್ಲಿ ದಾಖಲಾದ ಏಳು ಜನರ ಪ್ರಕರಣಗಳಿಂದಲೇ ಗೊತ್ತಾಗಿದೆ. ದಿನಕ್ಕೆ ಗ್ರಾಂ ಲೆಕ್ಕದಲ್ಲಿ ಸೇವಿಸಿದ್ದ ಅವರಿಗೆ ಕಾಲು ಜೋಮು ಹಿಡಿದು, ನಡಿಗೆ ತಪ್ಪಿತ್ತು. ಚಲನೆಯ ತೊಂದರೆಗೆಂದು ಕೊಟ್ಟದ್ದು ನಡಿಗೆಯನ್ನೇ ಕಸಿದರೆ ಏನು ಬಂತು?

ಎಲ್ಲಕ್ಕಿಂತ ಹೆಚ್ಚಾಗಿ, ವಿಟಮಿನ್ ಬಾಟಲಿ ಕೇಳಬೇಕಾದ ಪ್ರಶ್ನೆಗಳನ್ನು ಮುಂದಕ್ಕೆ ತಳ್ಳುತ್ತದೆ. ಕಾಣುತ್ತಿರುವುದು ಟಾರ್ಡಿವ್ ಡಿಸ್ಕೈನೇಶಿಯಾವೋ, ಔಷಧಿ ಶುರುವಾದ ಕೆಲವು ವಾರಗಳಲ್ಲೇ ಬರುವ ಪಾರ್ಕಿನ್ಸನ್ ಮಾದರಿಯ ನಡುಕ, ಬಿಗಿತವೋ? ಎರಡನೆಯದಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮೊದಲನೆಯದನ್ನು ಇನ್ನಷ್ಟು ಕೆಡಿಸಬಲ್ಲದು. ಮೂಲ ಔಷಧಿಯ ಪ್ರಮಾಣ ಅಗತ್ಯಕ್ಕಿಂತ ಹೆಚ್ಚಿದೆಯೆ? ಕ್ಲೋಜಪಿನ್‌ನಂಥ ಬೇರೆಯದಕ್ಕೆ ಬದಲಿಸಬಹುದೆ? ರೋಗಿಯ ಬೂಟು ಬಿಚ್ಚಿಸಿ, ಬಾಯಿ ತೆರೆಸಿ, ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ತಟ್ಟಿಸಿ, ಚಲನೆಗೆ 0ಯಿಂದ 4ರವರೆಗೆ ಅಂಕ ಬರೆದಿಡುವ ಪರೀಕ್ಷೆಗೆ ಬೇಕಾಗುವುದು ಹತ್ತೇ ನಿಮಿಷ. ಅದನ್ನೇ ಮಾಡದೆ ಮಾತ್ರೆ ಶುರುಮಾಡಿದವರಿಗೆ ಆರು ತಿಂಗಳ ಮೇಲೆ ಗುಣವಾಯಿತೋ ಇಲ್ಲವೋ ಎಂದು ಹೋಲಿಸಲು ಹಿಂದಿನ ಅಂಕವೇ ಇರುವುದಿಲ್ಲ. ಅಷ್ಟರಲ್ಲಿ ರೋಗಿಯ ಕಾಲಿನಿಂದ ಚಪ್ಪಲಿ ಜಾರಿದ್ದು ಅವನ ಅರಿವಿಗೇ ಬಾರದೆ ಹೋಗಿರಬಹುದು.