ತಿದ್ದುವ ಲಾಗಿನ್ ಮಾತ್ರ ಯಾರ ಹತ್ತಿರವೂ ಇಲ್ಲ

ನಮ್ಮ ವಿಶ್ವವಿದ್ಯಾಲಯದಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ ಅಂತ ಕೇಳಿ ನೋಡಿ. ಪ್ರವೇಶ ವಿಭಾಗ ಒಂದು ಸಂಖ್ಯೆ ಹೇಳುತ್ತದೆ, ಪರೀಕ್ಷಾ ವಿಭಾಗ ಇನ್ನೊಂದು, ಶುಲ್ಕದವರು ಮತ್ತೊಂದು. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಸೀಟು ಪಡೆದವರನ್ನು ಎಣಿಸುತ್ತಾರೆ, ಒಬ್ಬರು ಪರೀಕ್ಷೆಗೆ ಅರ್ಜಿ ಹಾಕಿದವರನ್ನು, ಒಬ್ಬರು ದುಡ್ಡು ಕಟ್ಟಿದವರನ್ನು. ಯಾರನ್ನು, ಯಾವ ತಾರೀಕಿಗೆ ಎಣಿಸಬೇಕು ಅಂತ ಒಂದು ಸಾಲು ಬರೆದಿಡೋಕೆ ಇಷ್ಟು ವರ್ಷ ಬೇಕಾ?

ಕೊನೆಗೆ ಬೈಸಿಕೊಳ್ಳುವುದು ವಿಭಾಗದ ಆಫೀಸಿನಲ್ಲಿ ಕೂತ ನಾನು. "ಲೆಕ್ಕ ತಾಳೆ ಆಗ್ತಿಲ್ಲ ಮೇಡಂ, ಸಂಜೆಯೊಳಗೆ ಸರಿ ಮಾಡಿ ಕಳಿಸಿ."

ಕಳಿಸುವುದು ಎಕ್ಸೆಲ್‌ನಲ್ಲಿ, ಇನ್ನೇನು. 16 ಅಂಕಿಯ ನೋಂದಣಿ ಸಂಖ್ಯೆ ಹೊಡೆದರೆ ಕೊನೆಯ ಅಂಕಿ ಸೊನ್ನೆ ಆಗುತ್ತದೆ. ಎಕ್ಸೆಲ್‌ಗೆ 15 ಅಂಕಿಯ ಮೇಲೆ ನೆನಪಿರುವುದಿಲ್ಲ. ಶುರುವಿನಲ್ಲಿ ಸೊನ್ನೆ ಇದ್ದರೆ ಅದೂ ಮಾಯ. ಮಾರ್ಚ್1, ಸೆಪ್ಟ್1 ಅನ್ನುವ ಜೀನ್ (ವಂಶವಾಹಿ) ಹೆಸರುಗಳನ್ನು ಎಕ್ಸೆಲ್ ತಾರೀಕು ಮಾಡಿಬಿಡುತ್ತದೆ ಅಂತ ವಿಜ್ಞಾನಿಗಳು 2020ರಲ್ಲಿ ಆ ಹೆಸರುಗಳನ್ನೇ ಬದಲಾಯಿಸಿದರು. ಅವರು ಕನಿಷ್ಠ ಬೇರಿಗೆ ಕೈ ಹಾಕಿದರು.

ನಮ್ಮಲ್ಲಿ ತಪ್ಪು ಹುಟ್ಟಿದ ಕಡೆ ಅದನ್ನು ಮುಟ್ಟುವವರೇ ಇಲ್ಲ. ಒಬ್ಬ ಹುಡುಗಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ನನ್ನ ಶೀಟಿನಲ್ಲಿ ತಿದ್ದಿ ಕಳಿಸುತ್ತೇನೆ. ಮುಂದಿನ ಸೆಮಿಸ್ಟರಿಗೆ ಡೇಟಾಬೇಸಿನಿಂದ ಅದೇ ತಪ್ಪು ಹೆಸರು ವಾಪಸ್ ಹಾಜರ್. ಅಲ್ಲಿ ತಿದ್ದೋಕೆ ನನಗೆ ಪರ್ಮಿಷನ್ ಇಲ್ಲ. ಯಾರಿಗಿದೆ? "ಐಟಿಯವರನ್ನ ಕೇಳಿ." ಐಟಿಯವರು? "ಸಾಫ್ಟ್‌ವೇರ್ ನಮ್ಮದು, ಡೇಟಾ ನಿಮ್ಮದು." ಅಂಕಪಟ್ಟಿ ತಪ್ಪಾಗಿ ಬಂದು ಆ ಮಗು ಕೌಂಟರ್‌ನಿಂದ ಕೌಂಟರ್‌ಗೆ ಅಲೆಯುವಾಗ ಮಾತ್ರ ತಿದ್ದುಪಡಿ ಶುಲ್ಕ ಕಟ್ಟಿಸಿಕೊಳ್ಳೋಕೆ ಎಲ್ಲರೂ ರೆಡಿ!

ಈಗ ಹೊಸ ಡ್ಯಾಶ್‌ಬೋರ್ಡ್ ಬೇರೆ. ಬಣ್ಣಬಣ್ಣದ ಚಾರ್ಟು. ಅದಕ್ಕೂ ಅದೇ ಮಾಹಿತಿಯನ್ನು ಮತ್ತೆ ಟೈಪ್ ಮಾಡಬೇಕಂತೆ. ಒಂದು ಕಾಲಂ ಖಾಲಿ ಬಿಟ್ಟರೂ ಸೇವ್ ಆಗಲ್ಲ. ಹಾಗಾಗಿ ಫೋನ್ ನಂಬರ್ ಸಿಗದವರಿಗೆಲ್ಲ ಎಲ್ಲ ವಿಭಾಗದವರೂ ಸಾಲಾಗಿ 9 ಒತ್ತಿ ಮುಂದೆ ಹೋಗುತ್ತಾರೆ. ಮೀಟಿಂಗಿನಲ್ಲಿ "ನೂರಕ್ಕೆ ನೂರು ಭರ್ತಿ" ಅಂತ ಚಪ್ಪಾಳೆ. ಆ ನಂಬರಿಗೆ ಒಂದು ಸಲ ಫೋನ್ ಮಾಡಿ ನೋಡ್ರಪ್ಪಾ!

ಮುಂದಿನ ವಾರ ನಮಗೆಲ್ಲ 'ಡೇಟಾ ಸಂಸ್ಕೃತಿ' ತರಬೇತಿ ಇದೆಯಂತೆ. ಹಾಜರಾತಿ ಕಡ್ಡಾಯ. ಹೆಸರು ನೋಂದಾಯಿಸೋಕೆ ಇನ್ನೊಂದು ಎಕ್ಸೆಲ್ ಶೀಟ್ ಬಂದಿದೆ. ನನ್ನ ಎಂಪ್ಲಾಯಿ ನಂಬರ್, ಹುದ್ದೆ, ಸೇರಿದ ತಾರೀಕು ಎಲ್ಲ ತುಂಬಬೇಕು. ಅವರೇ ಕೊಟ್ಟ ನಂಬರ್ ಕಣ್ರೀ ಅದು!