ಪಿಲಾಟಿಸ್ ದುಡ್ಡಿದ್ದವರ ಶೋಕಿ ಅಂತ ಯಾರು ಹೇಳಿದ್ದು?

ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, ಬಿಗಿ ಬಟ್ಟೆ ತೊಟ್ಟ ತೆಳ್ಳಗಿನ ಹುಡುಗಿಯರು ಜಾರುವ ಹಲಗೆಯ ಯಂತ್ರವೊಂದರ ಮೇಲೆ ಕಾಲು ಚಾಚಿಕೊಂಡು ಮಲಗಿರುತ್ತಾರೆ. ಕೆಳಗೆ ಪಿಲಾಟಿಸ್ ಅಂತ ಹ್ಯಾಶ್‌ಟ್ಯಾಗ್. ಬೆಂಗಳೂರಿನಲ್ಲೂ ಈಗ ಇಂಥ ಸ್ಟುಡಿಯೋಗಳಿವೆ. ಫೀಸು ಕೇಳಿದರೆ ಇಲ್ಲದ ಬೆನ್ನುನೋವೂ ಶುರುವಾಗುತ್ತದೆ. "ಅದೆಲ್ಲ ದುಡ್ಡಿದ್ದವರ ಶೋಕಿ ಬಿಡಿ" ಅಂತ ನಮ್ಮ ಜನ ಅದನ್ನು ಪಕ್ಕಕ್ಕೆ ಸರಿಸುವುದು ಸಹಜವೇ. ಆದರೂ ನನಗೊಂದು ತಕರಾರಿದೆ. ಈ ವ್ಯಾಯಾಮ ಎಲ್ಲಿಂದ ಬಂತು ಅಂತ ಗೊತ್ತಾದರೆ ನೀವೂ ಹಾಗೆ ಹೇಳಲಾರಿರಿ.

ಪಿಲಾಟಿಸ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟಿಸ್ 1883ರಲ್ಲಿ ಜರ್ಮನಿಯ ಮೋನ್‌ಶೆನ್‌ಗ್ಲಾಡ್‌ಬಾಖ್ ಎಂಬ ಊರಿನಲ್ಲಿ ಹುಟ್ಟಿದ. ಚಿಕ್ಕಂದಿನಲ್ಲಿ ಅಸ್ತಮಾ, ರಿಕೆಟ್ಸ್, ರುಮ್ಯಾಟಿಕ್ ಜ್ವರ ಒಂದಾದ ಮೇಲೊಂದು ಕಾಡಿದವು. ಆ ಬಡಕಲು ದೇಹವನ್ನು ಹಟ ಹಿಡಿದು ತಿದ್ದಿಕೊಂಡ. ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್, ಏನೂ ಬಿಡಲಿಲ್ಲ. ನಮ್ಮ ಕೋಲಾರ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರೂ ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಕಂಡವರು ತಾನೇ. ಗಟ್ಟಿಮುಟ್ಟಾಗಿ ಹುಟ್ಟಿದವರಿಗೆ ಇಂಥ ಹಸಿವು ಇರುವುದಿಲ್ಲವೇನೋ.

ಮೊದಲ ಮಹಾಯುದ್ಧಕ್ಕೆ ಮುಂಚೆ ಜೋಸೆಫ್ ಇಂಗ್ಲೆಂಡಿಗೆ ಹೋಗಿದ್ದ. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಅಂದಮೇಲೆ ಶತ್ರು ದೇಶದವನು. ಹಿಡಿದು ಬಂಧನ ಶಿಬಿರಕ್ಕೆ ಹಾಕಿದರು. ಮೊದಲು ಲ್ಯಾಂಕಾಸ್ಟರ್‌ನಲ್ಲಿ, ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ. ಅಲ್ಲಿ ಮುಳ್ಳುತಂತಿಯ ಒಳಗೆ 20,000ಕ್ಕೂ ಹೆಚ್ಚು ಗಂಡಸರು. ಯಾವ ತಪ್ಪೂ ಮಾಡದೆ, ಯಾವಾಗ ಬಿಡುಗಡೆ ಅಂತ ಗೊತ್ತಿಲ್ಲದೆ, ವರ್ಷಗಟ್ಟಲೆ ಸುಮ್ನೆ ಕೂತಿರಬೇಕು. ಎಷ್ಟೋ ಜನರ ಮನಸ್ಸು ಅಲ್ಲೇ ಕೆಟ್ಟಿತು. ಜೋಸೆಫ್ ತನ್ನ ಕಸರತ್ತುಗಳನ್ನು ತಿದ್ದಿ ತೀಡಿದ್ದು ಈ ಬೇಲಿಯೊಳಗೆ. ಸಾಮಾನು ಬೇಡ, ಜಾಗ ಜಾಸ್ತಿ ಬೇಡ, ಮೈ ಚಾಚುವಷ್ಟು ನೆಲ ಇದ್ದರೆ ಆಯಿತು.

ಇಲ್ಲಿಂದ ಅಂತೆಕಂತೆಗಳೂ ಶುರು. ದ್ವೀಪದ ಬೆಕ್ಕುಗಳು ಮೈಮುರಿಯುವುದನ್ನು ನೋಡಿ ಕಲಿತನಂತೆ. ಮಂಚದ ಸ್ಪ್ರಿಂಗ್ ಬಿಚ್ಚಿ ರೋಗಿಗಳ ಕೈಕಾಲಿಗೆ ಕಟ್ಟಿ ವ್ಯಾಯಾಮ ಮಾಡಿಸಿದನಂತೆ. 1918ರ ಫ್ಲೂ ಮಾರಿಯಲ್ಲಿ ಅವನ ಶಿಷ್ಯರಲ್ಲಿ ಒಬ್ಬನೂ ಸಾಯಲಿಲ್ಲವಂತೆ. ಬೆಕ್ಕಿನ ಕಥೆ ನನಗಿಷ್ಟ, ಇಟ್ಟುಕೊಳ್ಳೋಣ. ಫ್ಲೂ ಕಥೆಯನ್ನು ಮಾತ್ರ ನಾನು ನಂಬುವುದಿಲ್ಲ. ಎಷ್ಟೋ ಸ್ಟುಡಿಯೋಗಳ ವೆಬ್‌ಸೈಟಿನಲ್ಲಿ ಅದು ಇತಿಹಾಸ ಅಂತಲೇ ಕೂತಿದೆ!

1926ರಲ್ಲಿ ಆತ ಅಮೆರಿಕಕ್ಕೆ ಹೊರಟ. ಹಡಗಿನಲ್ಲಿ ಕ್ಲಾರಾ ಸಿಕ್ಕಿದಳು. ಇಬ್ಬರೂ ಸೇರಿ ನ್ಯೂಯಾರ್ಕಿನ ಎಂಟನೇ ಅವೆನ್ಯೂನಲ್ಲಿ ಜಿಮ್ ತೆರೆದರು. ನೃತ್ಯಗಾರರು ಹುಡುಕಿಕೊಂಡು ಬಂದರು. ಜಾರ್ಜ್ ಬ್ಯಾಲಂಚೈನ್, ಮಾರ್ತಾ ಗ್ರಹಾಂ ಅಂಥ ದೊಡ್ಡ ನೃತ್ಯ ಸಂಯೋಜಕರ ಬಳಗದಲ್ಲಿ ಯಾರಿಗೆ ಪೆಟ್ಟಾದರೂ "ಜೋ ಹತ್ತಿರ ಹೋಗು" ಅನ್ನುವ ಹಾಗಾಯಿತು. ಪಾದದ ಗಂಟಿಗೆ ಪೆಟ್ಟಾಗಿ ಬಂದ ಬ್ಯಾಲೆ ಹುಡುಗಿ ರೊಮಾನಾ ಕ್ರಿಝನೋವ್‌ಸ್ಕಾ ಮುಂದೆ ಇದೇ ವಿದ್ಯೆಯ ದೊಡ್ಡ ಗುರುವಾದಳು. ಈವ್ ಜೆಂಟ್ರಿ ಎಂಬ ನರ್ತಕಿ ಸ್ತನ ಕ್ಯಾನ್ಸರಿನ ದೊಡ್ಡ ಆಪರೇಷನ್ ಆದ ಮೇಲೆ ಇಲ್ಲೇ ಅಭ್ಯಾಸ ಮಾಡಿ ಮತ್ತೆ ತೋಳು ಎತ್ತಿದಳು.

ಜೋ ಸಿಡುಕ. ಸಿಗಾರ್ ಬಿಟ್ಟಿರಲಾರ. ಚಳಿಗಾಲದ ಹಿಮದಲ್ಲಿ ಚಡ್ಡಿ ಹಾಕಿಕೊಂಡು ಫೋಟೋ ತೆಗೆಸಿಕೊಂಡ ಆಸಾಮಿ. ನೋವಿದ್ದವರನ್ನು ಕೈಹಿಡಿದು, ಅವರವರ ಮೈಗೆ ತಕ್ಕಂತೆ ಬದಲಾಯಿಸಿ ಕಲಿಸುವ ತಾಳ್ಮೆ ಇದ್ದದ್ದು ಕ್ಲಾರಾಗೆ. 1967ರಲ್ಲಿ ಆತ ತೀರಿಕೊಂಡ ಮೇಲೂ ಸ್ಟುಡಿಯೋ ನಡೆಸಿದ್ದು ಆಕೆಯೇ. ಹೆಸರು ಮಾತ್ರ ಜೋನದ್ದು. ಇದು ಯಾವ ದೇಶದಲ್ಲಿ ಆಗಿಲ್ಲ ಹೇಳಿ?

ಸರಿ, ಮಾಡುವುದಾದರೂ ಏನು? 1945ರಲ್ಲಿ ಬಂದ ಆತನ ಪುಸ್ತಕದಲ್ಲಿ 34 ವ್ಯಾಯಾಮಗಳಿವೆ. ಎಲ್ಲವೂ ಮ್ಯಾಟ್ ಮೇಲೆ, ಯಂತ್ರದ ಮಾತೇ ಇಲ್ಲ. ಮೊದಲನೆಯದು 'ಹಂಡ್ರೆಡ್'. ಅಂಗಾತ ಮಲಗಿ, ತಲೆ ಭುಜ ಎತ್ತಿ, ಕಾಲು ಎತ್ತಿ ಹಿಡಿದು, ಚಾಚಿದ ಕೈಗಳನ್ನು ಪಕ್ಕದಲ್ಲಿ ಮೇಲೆ ಕೆಳಗೆ ಆಡಿಸಬೇಕು. 5 ಎಣಿಕೆಗೆ ಉಸಿರು ಒಳಗೆ, 5ಕ್ಕೆ ಹೊರಗೆ. ಹೀಗೆ 10 ಉಸಿರಾದರೆ 100. ನೋಡಲು ಏನೂ ಇಲ್ಲ ಅನಿಸುತ್ತದೆ. ಅರ್ಧಕ್ಕೆ ಬರುವಷ್ಟರಲ್ಲಿ ಹೊಟ್ಟೆ ನಡುಗುತ್ತದೆ. ಹೊಟ್ಟೆಯ ಒಳಪದರದಲ್ಲಿ, ಬಿಗಿದು ಕಟ್ಟಿದ ಪಂಚೆಯ ಹಾಗೆ ಸೊಂಟ ಸುತ್ತಿದ ಸ್ನಾಯು ಒಂದಿದೆ. ಅದು, ಬೆನ್ನುಮೂಳೆ ಪಕ್ಕದ ಸಣ್ಣ ಸ್ನಾಯುಗಳು, ಕಿಬ್ಬೊಟ್ಟೆಯ ತಳದವು, ಇವಕ್ಕೆಲ್ಲ ಒಟ್ಟಿಗೆ ಕೆಲಸ. ಇಪ್ಪತ್ತು ಸಲ ದಡದಡ ಮಾಡುವುದಕ್ಕಿಂತ ಐದು ಸಲ ಹಿಡಿತದಲ್ಲಿ ಮಾಡು ಅನ್ನೋದು ಇದರ ಜಾಯಮಾನ.

ಲಾಭದ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. ಸೊಂಟನೋವಿಗೆ ಪಿಲಾಟಿಸ್ ಎಷ್ಟು ಉಪಯೋಗ ಅಂತ 2015ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಬಂತು. ಏನೂ ಮಾಡದೆ ಇರುವುದಕ್ಕಿಂತ ಇದು ವಾಸಿ, ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲು ಅನ್ನಲು ಗಟ್ಟಿ ಪುರಾವೆ ಇಲ್ಲ ಅನ್ನುವುದು ಅದರ ಸಾರ. ನನಗೆ ಅಷ್ಟೇ ಸಾಕು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಗೂನು ಹಾಕಿ ಕೂರುವವರಿಗೆ, ಮಂಡಿಗೆ ಪೆಟ್ಟು ಕೊಡುವ ಜಿಗಿತ ಬೇಡ ಅನ್ನುವವರಿಗೆ, ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಬಾಣಂತಿಯರಿಗೆ, ಬ್ಯಾಲೆನ್ಸ್ ತಪ್ಪುವ ಭಯ ಇರುವ ವಯಸ್ಸಾದವರಿಗೆ ಇದು ಒಗ್ಗುತ್ತದೆ. ಗಂಡಸರೇ, ಇದನ್ನು ಕಟ್ಟಿದವನು ಬಾಕ್ಸರ್, ನಾಚಿಕೆ ಬೇಡ. ತೂಕ ಇಳಿಸಲು ಮಾತ್ರ ಇದನ್ನೇ ನೆಚ್ಚಬೇಡಿ. ಹೃದಯಕ್ಕೆ ಬೇಕಾದ ಬಿರುಸು ನಡಿಗೆಗೂ ಇದು ಬದಲಿಯಲ್ಲ. ಮೂಳೆ ಸವೆದವರು, ಅಂದರೆ ಆಸ್ಟಿಯೊಪೊರೋಸಿಸ್ ಇರುವವರು, ಬೆನ್ನು ಮಡಚಿ ಏಳುವ ಮತ್ತು ಉರುಳುವ ವ್ಯಾಯಾಮಗಳನ್ನು ಬಿಡಬೇಕು. ಬೆನ್ನುಮೂಳೆ ಬಿರುಕು ಬಿಡುವ ಅಪಾಯ ನಿಜವಾಗಿಯೂ ಇದೆ.

"ಇದೆಲ್ಲ ನಮ್ಮ ಯೋಗವೇ ಅಲ್ವಾ" ಅನ್ನುವವರಿಗೆ ಒಂದೇ ಮಾತು. ಒಂದಷ್ಟು ಹೋಲಿಕೆ ಇದೆ, ಆದರೆ ದಾರಿ ಬೇರೆ. ಯೋಗ ಮಾಡುತ್ತಿದ್ದರೆ ಅದನ್ನೇ ಮುಂದುವರಿಸಿ, ಜಗಳ ಬೇಡ.

ಇನ್ನೊಂದು ವಿಷಯ ಹೇಳಲೇಬೇಕು. ಪಿಲಾಟಿಸ್ ಅನ್ನುವ ಹೆಸರು ತನ್ನೊಬ್ಬನ ಟ್ರೇಡ್‌ಮಾರ್ಕ್ ಅಂತ ಅಮೆರಿಕದ ಕಂಪನಿಯೊಂದು ಕೋರ್ಟಿಗೆ ಹೋಗಿತ್ತು. ಯೋಗದ ಹಾಗೆ ಇದೂ ಒಂದು ವ್ಯಾಯಾಮ ಪದ್ಧತಿಯ ಹೆಸರು, ಯಾರ ಸ್ವತ್ತೂ ಅಲ್ಲ ಅಂತ 2000ದಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಹೇಳಿತು. ಒಳ್ಳೆಯ ತೀರ್ಪು. ಆದರೆ ಅದರ ಜೊತೆಗೇ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳುವ ದಾರಿಯೂ ತೆರೆಯಿತು. ಹಾಗಾಗಿ ಸೇರುವ ಮುಂಚೆ ಎಲ್ಲಿ ಕಲಿತಿರಿ ಅಂತ ಸಂಕೋಚವಿಲ್ಲದೆ ಕೇಳಿ. ನಿಮ್ಮ ಬೆನ್ನು, ಮಂಡಿ, ಬಿಪಿ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ನೇರ ಯಂತ್ರ ಹತ್ತಿಸುವವರಾದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ. ಮೈಸೂರು, ಹುಬ್ಬಳ್ಳಿ, ಮಂಗಳೂರು ಕಡೆ ಬರೀ ಮ್ಯಾಟ್ ಮೇಲೆ, ಕೈಗೆಟುಕುವ ಫೀಸಿನಲ್ಲಿ ಕಲಿಸುವವರು ಗೊತ್ತಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಕೇಳುತ್ತಿರುವವರು ಬಹಳ ಜನ ಇದ್ದಾರೆ.