ಸತ್ಯಾಂಶ: ಹಿಂಮುಖವಾಗಿ ಕೂತರೆ ಮಗುವಿನ ಕಾಲು ಮುರಿಯುತ್ತದೆಯೇ?

"ವರ್ಷ ತುಂಬಿದ ಮಗುವನ್ನು ಕಾರಿನಲ್ಲಿ ಹಿಂಮುಖವಾಗಿ ಕೂರಿಸಬೇಡಿ, ಕಾಲು ಮಡಚಿ ನೋಯುತ್ತದೆ, ಅಪಘಾತವಾದರೆ ಮುರಿಯುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದನ್ನು ನಂಬಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕಟ್ಟಿದ ಮಕ್ಕಳ ಸೀಟನ್ನು ಮುಂದಕ್ಕೆ ತಿರುಗಿಸಬೇಡಿ.

ಎರಡು ವರ್ಷದ ಮಗು ನೆಲದ ಮೇಲೆ ಹೇಗೆ ಕೂತು ಆಡುತ್ತದೆ ನೋಡಿ: ಚಕ್ಕಳಮಕ್ಕಳ ಹಾಕಿ, ಇಲ್ಲವೇ ಕುಕ್ಕರಗಾಲಲ್ಲಿ. ಸೀಟಿನಲ್ಲೂ ಹಾಗೆಯೇ ಹಾಯಾಗಿ ಕೂರುತ್ತದೆ.

ಚಿಂತಿಸಬೇಕಾದ್ದು ಕತ್ತಿನ ಬಗ್ಗೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಎದುರಿನಿಂದ ಡಿಕ್ಕಿಯಾದಾಗ ಮುಂದೆ ನೋಡುತ್ತ ಕೂತ ಮಗುವಿನ ಮೈಯನ್ನು ಪಟ್ಟಿ ಹಿಡಿಯುತ್ತದೆ, ತಲೆ ಮಾತ್ರ ಜೋರಾಗಿ ಮುಂದಕ್ಕೆ ಬಾಗುತ್ತದೆ. ಹಿಂಮುಖವಾಗಿದ್ದರೆ ಸೀಟಿನ ಒರಗೇ ತಲೆ, ಕತ್ತು, ಬೆನ್ನನ್ನು ಒಟ್ಟಿಗೆ ಆನಿಸಿಕೊಳ್ಳುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ, ಸೀಟಿಗೆ ಹೇಳಿರುವ ತೂಕ ಅಥವಾ ಎತ್ತರದ ಮಿತಿಯನ್ನು ಮಗು ಮುಟ್ಟುವವರೆಗೂ ಹಿಂಮುಖವೇ ಇರಲಿ ಎಂದಿದೆ.

ಹಾಗಾಗಿ ಕನ್ವರ್ಟಿಬಲ್ ಸೀಟ್ (ಹಿಂಮುಖವಾಗಿಯೂ ಮುಮ್ಮುಖವಾಗಿಯೂ ಇಡಬಹುದಾದ ಮಕ್ಕಳ ಸೀಟು) ಕೊಳ್ಳುವಾಗ ಮೆತ್ತೆಯ ದಪ್ಪಕ್ಕಿಂತ ಮೊದಲು ಹಿಂಮುಖದ ಮಿತಿ ಎಷ್ಟೆಂದು ಕೇಳಿ. ಮಗುವನ್ನು ಕೂರಿಸಿಯೇ ನೋಡಿ: ಪಟ್ಟಿ ಹೆಗಲ ಮಟ್ಟದಿಂದ ಅಥವಾ ತುಸು ಕೆಳಗಿಂದ ಬರಬೇಕು, ಹೆಗಲ ಬಳಿ ಚಿವುಟಿದರೆ ಬೆರಳಿಗೆ ಸಿಗಬಾರದು. ದಪ್ಪ ಸ್ವೆಟರ್ ಬಿಚ್ಚಿ ಬಿಗಿಯಿರಿ, ಚಳಿಯಾದರೆ ಪಟ್ಟಿಯ ಮೇಲೊಂದು ಹೊದಿಕೆ ಸಾಕು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಹಿಂಮುಖ ಸೀಟನ್ನು ಎಂದೂ ಇಡಬೇಡಿ.